ಪುಟಾಣಿ ರೈಲು ಮೌನವಾದ ತಿರುವು

“ಎಡಗಡೆ ಕಾಣುತ್ತಿರುವುದು ಗಾಜಿನ ಮನೆ. ಅದಕ್ಕೊಂದು ಕಲ್ಲು ಬೀರಬೇಕು ಅಂತ ನಿಮ್ಮ ಕೈ ತುರಿಸುತ್ತಿರಬಹುದು. ನಿಮ್ಮ ವಯಸ್ಸಿನಲ್ಲಿ ನನ್ನ ಕೈಯೂ ತುರಿಸುತ್ತಿತ್ತು. ಆದರೂ ಬೇಡಿ ಮಕ್ಕಳೇ, ಒಳಗಿರುವ ಗಿಡಗಳಿಗೆ ಬೇಗ ನೆಗಡಿಯಾಗುತ್ತದೆ.”

ಪುಟಾಣಿ ರೈಲಿನ ತುಂಬ ನಗು ಎದ್ದಿತು. ಸ್ಪೀಕರಿನಲ್ಲಿ ಮಾತಾಡುತ್ತಿದ್ದ ಮನುಷ್ಯ ಸತ್ತು ಎರಡು ವಾರವಾಗಿದೆ ಎಂಬುದು ಆ ಮಕ್ಕಳಿಗೆ ಗೊತ್ತಿರಲಿಲ್ಲ.

ಗೊತ್ತಿದ್ದ ಇಬ್ಬರು ಕೊನೆಯ ಬೋಗಿಯಲ್ಲಿ, ಮೊಣಕಾಲು ಎದೆಗೆ ತಾಗುವಂತೆ ಮುದುಡಿ ಕೂತಿದ್ದರು. ಒಬ್ಬರು ಸತ್ತವರ ಹೆಂಡತಿ, ದೊಡ್ಡಾಸ್ಪತ್ರೆಯ ಹಿರಿಯ ನರ್ಸು. ಬೀದಿಯವರಿಗೆಲ್ಲ ಅವರು ನರ್ಸಮ್ಮ. ಇನ್ನೊಬ್ಬಳು ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದು, ಮೇಲಿನವರೊಡನೆ ಜಗಳವಾಡಿ ಕೆಲಸ ಬಿಸಾಕಿ ಬಂದವಳು. ಈಗ ದರ್ಜಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಖಾಸಗಿ ಪತ್ತೇದಾರಿಕೆ. ಕೆಳಗಿನ ದರ್ಜಿಯಿಂದ ಹಿಡಿದು ನಗರದ ಕಳ್ಳರವರೆಗೆ ಎಲ್ಲರೂ ಅವಳನ್ನು ಕರೆಯುವುದು ‘ಮಾಜಿ’ ಎಂದೇ.

ಉದ್ಯಾನದ ಚರಿತ್ರೆ ಹೇಳುತ್ತಿದ್ದ ಮೇಷ್ಟ್ರ ಹೆಣ ಇದೇ ಉದ್ಯಾನದ ಕೆರೆಯಲ್ಲಿ ತೇಲಿತ್ತು. ದೋಣಿಕಟ್ಟೆಯಲ್ಲಿ ಕಾಲು ಜಾರಿ ಬಿದ್ದರು ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು.

“ಕಾಲು ಜಾರಿತಂತೆ!” ನರ್ಸಮ್ಮ ಹಲ್ಲು ಕಚ್ಚಿದರು. “ನೀರು ಕಂಡ್ರೆ ಬೆಕ್ಕಿನ ಹಾಗೆ ಹಿಂದೆ ಸರೀತಿದ್ರು ನಮ್ಮನೆಯವರು. ಇಪ್ಪತ್ತು ವರ್ಷ ಜನಕ್ಕೆ ಈ ಕೆರೆ ತೋರಿಸಿದಾರೆ, ಒಂದು ದಿನ ದೋಣಿ ಹತ್ತಿಲ್ಲ. ಅವರು ಹೋಗಿ ಹೋಗಿ ದೋಣಿಕಟ್ಟೇಲಿ ನಿಂತ್ರಾ?”

“ಅಕ್ಕಾ, ಸ್ವಲ್ಪ ಮೆತ್ತಗೆ. ಮಕ್ಕಳು ತಿರುಗಿ ನೋಡ್ತಿವೆ.”

“ನೋಡ್ಲಿ! ಅವರ ಅಪ್ಪ ಅಮ್ಮಂದಿರೂ ನೋಡ್ಲಿ.”

ರೈಲು ಕೂಗು ಹಾಕಿ ಕೆರೆಯ ದಂಡೆ ಹಿಡಿಯಿತು. ಮೇಷ್ಟ್ರು ಬಾತುಕೋಳಿಗಳ ಸಂಸಾರದ ಬಗ್ಗೆ ಹೇಳಿದರು, ಬ್ಯಾಂಡ್ ಮಂಟಪದಲ್ಲಿ ಒಮ್ಮೆ ಕೊಳಲಿನೊಳಗೆ ಜೇನುಹುಳು ಹೊಕ್ಕ ಕತೆ ಹೇಳಿದರು. ಮಗ್ಗುಲಲ್ಲಿ ಕೂತು ಹರಟುವಂಥ ದನಿ. ನರ್ಸಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಎರಡು ಕಡೆ ಅವರ ತುಟಿಯೂ ಆ ದನಿಯೊಂದಿಗೆ ಅಲುಗಿದ್ದನ್ನು ಮಾಜಿ ಕಂಡಳು.

ಹೂವಿನ ಗಡಿಯಾರ ದಾಟಿದ ಮೇಲೆ ಹಳಿ ಬಲಕ್ಕೆ ತಿರುಗಿತು. ಅಲ್ಲೊಂದು ದಿಬ್ಬ. ದಿಬ್ಬದ ಸುತ್ತ ಆಳೆತ್ತರದ ತಗಡಿನ ಬೇಲಿ. ತಗಡಿನ ಮೇಲೆ ಬಣ್ಣಬಣ್ಣದ ನೀರು ಚಿಮ್ಮುವ ಚಿತ್ರ: ‘ಸಂಗೀತ ಕಾರಂಜಿ ಶೀಘ್ರದಲ್ಲಿ!’

ಅಲ್ಲಿ ಮೇಷ್ಟ್ರು ಸುಮ್ಮನಾದರು.

ಚಕ್ರಗಳ ಸದ್ದೊಂದೇ ಉಳಿಯಿತು. ರೈಲು ತಿರುವಿನುದ್ದಕ್ಕೂ ತೆವಳಿತು, ಸ್ಪೀಕರಿನಿಂದ ಒಂದು ಸೊಲ್ಲಿಲ್ಲ. ಮುಂದಿನ ಬೋಗಿಯಲ್ಲಿದ್ದ ಒಬ್ಬಳು ಪುಟ್ಟ ಹುಡುಗಿ ಎದ್ದು ನಿಂತು ತಗಡಿನ ಬೇಲಿಗೆ ಕೈ ಬೀಸತೊಡಗಿದಳು.

“ಯಾರಿಗೆ ಟಾಟಾ ಮಾಡ್ತಿದೀಯೇ? ಅಲ್ಲಿ ಯಾರಿದಾರೆ? ಕೂತ್ಕೋ,” ಎಂದು ಅವಳ ತಾಯಿ ಎಳೆದಳು.

“ಒಳಗಿರೋವ್ರಿಗೆ. ಹೋದ್ಸಲ ತಾತ ಬೀಸು ಅಂದಿದ್ರಲ್ಲ!”

ಹಕ್ಕಿಮನೆ ಹತ್ತಿರ ಬಂದಾಗ ಸ್ಪೀಕರಿಗೆ ಮತ್ತೆ ಜೀವ ಬಂತು. “ಗಿಳಿಗಳ ಜೊತೆ ವಾದಕ್ಕಿಳಿಯಬೇಡಿ, ಕೊನೆಯ ಮಾತು ಅವುಗಳದ್ದೇ…”

ನರ್ಸಮ್ಮ ಮಾಜಿಯ ಮಣಿಕಟ್ಟು ಹಿಡಿದರು. ನಾಡಿ ನೋಡಿ ಪಳಗಿದ ಕೈ, ಹಿಡಿತ ಬಿಗಿಯಾಗಿತ್ತು.

“ಅಲ್ಲಿ ಮಾತಿತ್ತು, ಇನ್ಸ್‌ಪೆಕ್ಟರಮ್ಮ. ನಾನು ಕುಕ್ಕರ್ ಇಡುವಾಗ, ಬಟ್ಟೆ ಮಡಚುವಾಗ, ನನ್ನ ಬೆನ್ನ ಹಿಂದೆ ನಿಂತು, ಮಗ ಬಾಯಿ ಮುಚ್ಕೊಂಡು ಮೂಗಲ್ಲೇ ನಗ್ತಿದ್ರೂ ಬಿಡದೆ, ಒಪ್ಪಿಸಿ ಒಪ್ಪಿಸಿ ಕಲಿತ ಮಾತು. ಇಡೀ ರೈಲಿನಲ್ಲಿ ಅವರಿಗೆ ಬೇಕಾಗಿದ್ದಿದ್ದು ಅದೊಂದೇ. ಅದನ್ನೇ ಕಿತ್ತು ಹಾಕಿದಾರೆ!”

“ಏನಿತ್ತು ಆ ಮಾತಲ್ಲಿ?”

“ದಿಬ್ಬದ ಕೆಳಗೆ ಮಲಗಿರೋವ್ರ ವಿಷಯ.”

*

ರೈಲಿನ ಚಾಲಕ ಹೊಟ್ಟೆಯ ಮೇಲೆ ಸೀಟಿ ತೂಗಾಡಿಸಿಕೊಂಡು ಇಳಿದು ಬಂದ. ಅವನದು ರೈಲಿಗಿಂತ ದೊಡ್ಡ ಶರೀರ. ನರ್ಸಮ್ಮನನ್ನು ಕಂಡದ್ದೇ ಟೋಪಿ ತೆಗೆದ.

“ಅಮ್ಮಾ, ನಾನೇನೂ ಮಾಡಿಲ್ಲಮ್ಮ. ನಾನು ಗುಂಡಿ ಒತ್ತೋನು ಅಷ್ಟೇ. ಮೇಷ್ಟ್ರು ಹೊಸದಾಗಿ ಮಾತಾಡಿ ಕೊಟ್ಟಿದ್ದು ಒಂದು ವಾರ ಚೆನ್ನಾಗಿ ಓಡ್ತು. ದಿಬ್ಬದ ಹತ್ರ ಮಕ್ಕಳೆಲ್ಲ ಕೈ ಬೀಸೋರು. ದೊಡ್ಡೋರು ಟೋಪಿ ತೆಗೆಯೋರು. ನನಗೇ ಒಂಥರಾ ಆಗೋದು.”

“ಆಮೇಲೆ?” ಮಾಜಿ ಕೇಳಿದಳು.

“ಆಮೇಲೆ ಆ ಭಾನುವಾರ ನಮ್ಮ ಸಾಹೇಬ್ರು ಬಂದು ಮಾತಿನ ಡಬ್ಬೀನ ಬಿಚ್ಚಿಕೊಂಡು ಹೋದ್ರು. ರಿಪೇರಿ ಅಂದ್ರು. ವಾಪಸ್ ಬಂದಾಗ ಇಷ್ಟು ಮಾತು ನುಂಗಿತ್ತು.”

“ಮೇಷ್ಟ್ರು ಸಿಕ್ಕಿದ್ದು?”

“ಸೋಮವಾರ.” ಚಾಲಕ ಟೋಪಿಯ ಅಂಚನ್ನು ತಿರುವುತ್ತ ಹೇಳಿದ, “ಅದೂ ನಮ್ಮ ದೋಣಿಯವರಿಗೇ ಸಿಕ್ಕಿದ್ದು.”

ಮಾಜಿ ಅವನಿಗೆ ಕೈ ಮುಗಿದು, ನರ್ಸಮ್ಮನೊಂದಿಗೆ ಹಳಿಯ ಪಕ್ಕದಲ್ಲೇ ದಿಬ್ಬಕ್ಕೆ ನಡೆದಳು. ಮೇಷ್ಟ್ರ ಬೂಟನ್ನು ಅವಳು ಮೊದಲೇ ನೋಡಿದ್ದಳು. ಕೆರೆಯ ಕೆಸರು ಕಪ್ಪು. ಆದರೆ ಬೂಟಿನ ಅಡಿಯ ಗೀರುಗಳಲ್ಲಿ, ನೀರಲ್ಲಿ ಅಷ್ಟು ನೆಂದರೂ ಬಿಡದೆ ಕಚ್ಚಿಕೊಂಡಿದ್ದದ್ದು ಹಳದಿ ಜೇಡಿಮಣ್ಣು. ಅದು ಎಲ್ಲಿಯದೆಂದು ಇಷ್ಟು ದಿನ ತಿಳಿದಿರಲಿಲ್ಲ.

ಎರಡು ತಗಡುಗಳ ನಡುವೆ ಒಂದು ಸಂದಿಯಿತ್ತು. ಕೆಳಗೆ, ಮಳೆನೀರು ಕೊಚ್ಚಿ ತಂದ ಮಣ್ಣು ನಾಲಿಗೆಯ ಹಾಗೆ ಹೊರಚಾಚಿತ್ತು. ಮಾಜಿ ಬೆರಳಲ್ಲಿ ತೆಗೆದು ಉಜ್ಜಿದಳು. ಹಳದಿ, ಬೆಣ್ಣೆಯ ಹಾಗೆ ನುಣುಪು.

“ಇದೇ ಮಣ್ಣು,” ಎಂದಳು.

ನರ್ಸಮ್ಮ ಸಂದಿಗೆ ಕಣ್ಣಿಟ್ಟರು. ಒಳಗೆ ಕಾರಂಜಿಗೆಂದು ತೋಡಿದ ದೊಡ್ಡ ಗುಂಡಿಯ ಮುಕ್ಕಾಲು ಭಾಗಕ್ಕೆ ಕಾಂಕ್ರೀಟು ಸುರಿದಿದ್ದರು. ಉಳಿದ ಕಾಲು ಭಾಗದ ಗೋಡೆಯಲ್ಲಿ, ಮಣ್ಣಿನ ಪದರುಗಳ ನಡುವೆ, ಬೇರುಗಳಂಥ ಬಿಳಿ ತುಂಡುಗಳು ಹೊರಗೆ ಇಣುಕುತ್ತಿದ್ದವು.

ಬೇರುಗಳಲ್ಲ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ತೊಡೆ ಮೂಳೆ,” ಎಂದರು ಮೆಲ್ಲಗೆ. “ಪಕ್ಕದ್ದು ಚಿಕ್ಕದು. ಮಗೂದು.” ಆಮೇಲೆ ತಗಡಿನ ಮೇಲೆ ಅಂಗೈಯಿಂದ ಫಟ್ಟೆಂದು ಬಡಿದರು. ಕಾರಂಜಿಯ ಚಿತ್ರ ಗಡಗಡ ನಡುಗಿತು. “ಇದರ ಮೇಲೆ ಹಾಡು ಹಾಕಿ ನೀರು ಕುಣಿಸ್ತಾರಂತೆ! ನಡೀರಿ ಇನ್ಸ್‌ಪೆಕ್ಟರಮ್ಮ, ಆ ಹೂವಿನ ಸಾಹೇಬನ ಮುಖ ನೋಡಬೇಕು ನಾನು.”

*

ಉದ್ಯಾನದ ಮೇಲ್ವಿಚಾರಕರು ದಿನವೂ ಕೋಟಿಗೆ ಒಂದು ಹೂ ಸಿಕ್ಕಿಸಿಕೊಳ್ಳುತ್ತಿದ್ದರಿಂದ ಕೆಲಸಗಾರರು ಅವರಿಗೆ ಹೂವಿನ ಸಾಹೇಬ ಎನ್ನುತ್ತಿದ್ದರು. ಗಾಜಿನ ಮನೆಯ ಹಿಂಭಾಗದಲ್ಲಿ ಅವರ ಕಚೇರಿ. ಕುಂಡಗಳ ಹಬೆ, ಒದ್ದೆ ಪಾಚಿಯ ವಾಸನೆ. ಮೇಜಿನ ಮೇಲೆ ಸಂಗೀತ ಕಾರಂಜಿಯ ಪುಟ್ಟ ಮಾದರಿ. ಅದರ ಸುತ್ತ ಬೆರಳಿನ ಉಗುರಿನಷ್ಟಿದ್ದ ಪ್ಲಾಸ್ಟಿಕ್ ಜನರು ಕೈಯೆತ್ತಿ ನಿಂತಿದ್ದರು. ಗೋಡೆಯ ಮೇಲೆ ಉದ್ಯಾನ ಕಟ್ಟಿಸಿದ ನಗರಾಧ್ಯಕ್ಷರ ಪಟ, ಮೀಸೆ ಹುರಿ ಮಾಡಿಕೊಂಡು.

ಸಾಹೇಬರು ಒಂದು ಗಿಡದ ಎಲೆಗಳಿಗೆ ನೀರು ಸಿಂಪಡಿಸುತ್ತಿದ್ದರು. “ಬನ್ನಿ ಅಮ್ಮಾ, ಬನ್ನಿ. ಮೇಷ್ಟ್ರು ಹೋದ ಮೇಲೆ ಉದ್ಯಾನ ಬಿಕೋ ಅಂತಿದೆ. ಅವರ ಹೆಸರಲ್ಲಿ ಒಂದು ಬೆಂಚು ಹಾಕಿಸೋಣ ಅಂತ…”

“ಬೆಂಚು ಆಮೇಲೆ ಹಾಕಿಸಿ,” ಮಾಜಿ ಕುರ್ಚಿ ಎಳೆದು ಕೂತಳು. “ದಿಬ್ಬದ ತಿರುವಿನಲ್ಲಿ ಅವರ ಮಾತು ಯಾಕೆ ನಿಲ್ಲುತ್ತೆ?”

“ಓ, ಅದಾ. ತಾಂತ್ರಿಕ ದೋಷ.”

“ಗಾಜಿನ ಮನೆ ಹತ್ತಿರ ದೋಷವಿಲ್ಲ. ಗಿಳಿಗಳ ಹತ್ತಿರ ಇಲ್ಲ. ದೋಷಕ್ಕೆ ದಿಬ್ಬ ಕಂಡ್ರೆ ಮಾತ್ರ ಆಗಲ್ವಾ?”

ಸಾಹೇಬರು ನಕ್ಕರು. ಸಿಂಪಡಿಸುವ ಡಬ್ಬಿ ಕೈಯಲ್ಲೇ ಇತ್ತು. “ಮೇಡಂ, ನೀವು ಮಾಜಿ. ನನ್ನನ್ನ ವಿಚಾರಣೆ ಮಾಡೋ ಅಧಿಕಾರ…”

“ಅವರಿಗಿಲ್ಲದಿದ್ರೆ ನನಗಿದೆ,” ನರ್ಸಮ್ಮ ಮೇಜಿನ ಎದುರು ನಿಂತೇ ಇದ್ದರು. “ನೀವು ಅಳಿಸಿದ್ದು ಏನು ಅಂತ ನೀವು ಪೂರ್ತಿ ಕೇಳಿಯಾದ್ರೂ ಇದ್ರಾ? ಕೇಳಿರಲ್ಲ. ಈಗ ಕೇಳಿ.”

ಅವರು ಸೆರಗು ಸರಿಮಾಡಿಕೊಂಡರು. ಗಂಡನ ದನಿಯ ಅನುಕರಣೆ ಮಾಡಲಿಲ್ಲ. ವಾರ್ಡಿನಲ್ಲಿ ರೋಗಿಗೆ ಔಷಧಿಯ ಕ್ರಮ ಹೇಳುವಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು:

“ಮಕ್ಕಳೇ, ಈಗ ರೈಲು ಸ್ವಲ್ಪ ನಿಧಾನ ಹೋಗುತ್ತದೆ. ಬಲಗಡೆಯ ದಿಬ್ಬ ನೋಡಿ. ನೀವು ದೋಣಿಯಾಟ ಆಡಿದ ಕೆರೆ ತಾನಾಗಿ ಹುಟ್ಟಲಿಲ್ಲ. ಗುದ್ದಲಿ ಹಿಡಿದವರು ತೋಡಿದರು, ಬುಟ್ಟಿ ಹೊತ್ತವರು ಮಣ್ಣು ಸಾಗಿಸಿದರು. ಅವರ ಬಿಡಾರ ಇದ್ದದ್ದು ಇಲ್ಲೇ. ಒಂದು ಮಳೆಗಾಲ ಬಿಡಾರಕ್ಕೆ ವಾಂತಿಭೇದಿ ಹೊಕ್ಕಿತು. ರೋಗ ತಮಗೂ ಬಂದೀತೆಂದು ಊರವರು ಈ ದಾರಿಗೆ ಕಾವಲು ಹಾಕಿದರು. ವೈದ್ಯರು ಬರಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ. ಸತ್ತವರನ್ನು ಅವರೇ ತೋಡಿದ ಮಣ್ಣಿನಲ್ಲಿ ಮುಚ್ಚಿದರು. ಆ ಮಣ್ಣೇ ಈ ದಿಬ್ಬ. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಪುಟಾಣಿ ರೈಲು ಹತ್ತಿದವರು ದಾರಿಯಲ್ಲಿ ಕಂಡವರಿಗೆಲ್ಲ ಕೈ ಬೀಸುತ್ತಾರೆ. ಇವರಿಗೂ ಬೀಸಿ.”

ಮೇಲಿನ ಗಾಜಿಗೆ ಯಾವುದೋ ಹಕ್ಕಿ ಕುಕ್ಕುತ್ತಿತ್ತು.

“ಇದರಲ್ಲಿ ಬೈಗುಳ ಇದೆಯಾ?” ನರ್ಸಮ್ಮ ಕೇಳಿದರು. “ಯಾರನ್ನಾದ್ರೂ ಕಳ್ಳ ಅಂದಿದಾರಾ? ಆ ಮೀಸೆಯವರ ಸುದ್ದೀನಾದ್ರೂ ಎತ್ತಿದಾರಾ? ಕೈ ಬೀಸಿ ಅಂದಿದಾರೆ, ಅಷ್ಟೇ. ಅಷ್ಟನ್ನೂ ಸಹಿಸೋಕಾಗಲಿಲ್ವಾ ನಿಮ್ಮ ಕೈಲಿ?”

“ಅಮ್ಮಾ, ಜನ ಇಲ್ಲಿಗೆ ಬರೋದು ನಗೋದಕ್ಕೆ. ಸ್ಮಶಾನ ನೋಡೋಕೆ ಯಾರಾದರೂ ಮಕ್ಕಳನ್ನ ಕರ್ಕೊಂಡು ಬರ್ತಾರಾ?”

“ಹಾಗಾದ್ರೆ ಸ್ಮಶಾನದ ಮೇಲೆ ಕಾರಂಜಿ ಕಟ್ಟಬೇಡಿ!” ಮೇಜಿನ ಮೇಲಿನ ಮಾದರಿಯನ್ನು ನರ್ಸಮ್ಮ ಒಂದೇ ಏಟಿಗೆ ಆಚೆ ತಳ್ಳಿದರು. ಪ್ಲಾಸ್ಟಿಕ್ ಜನರು ಮೇಜಿನುದ್ದಕ್ಕೂ ಉರುಳಿದರು. “ಮೂಳೆ ನೋಡಿಬಂದೆ ನಾನು, ಈಗಷ್ಟೇ. ಮಗೂದು ಇದೆ ಅದರಲ್ಲಿ. ನಿಮ್ಮ ಕಣ್ಣಿಗೆ ಬೀಳಲಿಲ್ವಾ? ಬಿದ್ದಿದ್ದಕ್ಕೇ ತಾನೆ ಅಷ್ಟು ಅವಸರದಲ್ಲಿ ಕಾಂಕ್ರೀಟು ಸುರಿಸಿದ್ದು? ನಮ್ಮನೆಯವರು ಅದನ್ನ ನೋಡಿದ್ರು. ಅವರ ಬೂಟಿನಡಿ ಆ ಗುಂಡಿ ಮಣ್ಣಿದೆ. ನೋಡಿದೋರನ್ನ ಎತ್ತಿ ಕೆರೆಗೆ ಹಾಕಿದ್ರಿ!”

ಸಾಹೇಬರ ಮುಖ ಕೆಂಪಗಾಯಿತು. “ಬಾಯಿಗೆ ಬಂದ ಹಾಗೆ ಮಾತಾಡಬೇಡಿ! ಕಾಂಕ್ರೀಟು ಸುರಿಸಿದ್ದು ನಾನೇ, ಒಪ್ಕೋತೀನಿ. ಮೇಲಿನವರ ಒತ್ತಡ ಇತ್ತು. ಮಾತು ಅಳಿಸಿದ್ದೂ ನಾನೇ. ಆದ್ರೆ ಅಳಿಸು ಅಂದಿದ್ದು ನಾನಲ್ಲ. ನಿಮ್ಮ ಯಜಮಾನ್ರೇ ಅಂದಿದ್ದು!”

“ಸುಳ್ಳು.”

“ಸುಳ್ಳಾ? ಸುಳ್ಳಾ? ತಡೀರಿ.” ಅವರು ಒಂದು ಕೈಯಿಂದ ಜೇಬು ತಡಕಾಡಿ ಫೋನು ತೆಗೆದರು. “ನಾಳೆ ಯಾರಾದರೂ ನನ್ನ ಮೇಲೆ ಗೂಬೆ ಕೂರಿಸ್ತಾರೆ ಅಂತಾನೇ ಇಟ್ಕೊಂಡಿದೀನಿ. ಕೇಳಿ.”

ಮೇಷ್ಟ್ರ ದನಿ ಕೋಣೆಯನ್ನು ತುಂಬಿತು. ರೈಲಿನಲ್ಲಿ ಕೇಳಿದ ಅದೇ ದನಿ, ಅದೇ ಆತ್ಮೀಯ ಎಳೆತ.

“ಸಾಹೇಬ್ರೇ, ನಮಸ್ಕಾರ. ಭಾನುವಾರ ಬೆಳಗ್ಗೇನೇ ತೊಂದರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ. ಆ ದಿಬ್ಬದ ಭಾಗ ತೆಗೆಸಿಬಿಡಿ. ಸರಿಯಾಗಿ ವಿಚಾರಿಸದೆ ಮಾತಾಡಿಬಿಟ್ಟೆ. ಎರಡು ದಿನ ಊರಲ್ಲಿರಲ್ಲ, ಬಂದ ಮೇಲೆ ಸಿಗ್ತೀನಿ.”

“ಇನ್ನೇನು ಬೇಕು?” ಎಂದರು ಸಾಹೇಬರು.

ಮಾಜಿ ನಿಧಾನವಾಗಿ ಎದ್ದು ನಿಂತಳು. “ಇದು ಬಂದಿದ್ದು ಭಾನುವಾರ ಬೆಳಿಗ್ಗೆ. ಖಾತ್ರೀನಾ?”

“ಅಲ್ಲೇ ಇದೆ ನೋಡಿ. ಅವರ ನಂಬರಿಂದಾನೇ ಬಂದಿದೆ.”

“ಹೆಣ ಕೊಯ್ದ ಡಾಕ್ಟರು ಏನು ಹೇಳಿದಾರೆ ಅಂತ ನಿಮಗೆ ಗೊತ್ತಾ?”

“ನನಗ್ಯಾಕೆ ಗೊತ್ತಿರತ್ತೆ?”

“ಮೇಷ್ಟ್ರು ಸತ್ತಿದ್ದು ಶನಿವಾರ ಸಂಜೆ.”

ಸಾಹೇಬರ ಬೆರಳು ಸಿಂಪಡಿಸುವ ಡಬ್ಬಿಯ ಮೇಲೆ ಬಿಗಿಯಿತು. ನೀರು ಅವರ ಕೋಟಿನ ಮೇಲೆ, ಕೋಟಿನ ಹೂವಿನ ಮೇಲೆ ಬೀಳುತ್ತಲೇ ಇತ್ತು. ಅವರಿಗೆ ಅದರ ಅರಿವಿರಲಿಲ್ಲ.

“ಆದ್ರೆ… ಅದು ಅವರದೇ ದನಿ. ನಾನು ಇಪ್ಪತ್ತು ವರ್ಷದಿಂದ ಕೇಳಿದೀನಿ…”

“ಅವರ ಫೋನು ಇವತ್ತಿನವರೆಗೂ ಸಿಕ್ಕಿಲ್ಲ. ಅದು ಯಾರ ಕೈಲಿತ್ತೋ, ಅವನು ಮೇಷ್ಟ್ರ ಹಾಗೆ ತೆಗೆದ ದನಿ ಇದು.” ಮಾಜಿಯ ಗಂಟಲು ಏರಿತು. “ಸೋಮವಾರ ಹೆಣ ಸಿಕ್ತು. ಪೊಲೀಸರು ನಿಮ್ಮ ಬಾಗಿಲಿಗೇ ಬಂದಿದ್ರು. ಆಗಲೇ ಇದನ್ನ ಕೊಟ್ಟಿದ್ರೆ, ಈ ಕೇಸು ಮುಚ್ಚುತ್ತಲೇ ಇರಲಿಲ್ಲ! ಒಬ್ಬ ಮನುಷ್ಯನನ್ನ ಕೊಂದವನು ಎರಡು ವಾರದಿಂದ ಆರಾಮಾಗಿ ಊಟ ಮಾಡಿ ನಿದ್ದೆ ಹೊಡೀತಿದಾನೆ. ಯಾಕೆ ಸುಮ್ಮನಿದ್ರಿ?”

“ಯಾರೂ ಕೇಳಲಿಲ್ಲ,” ಎಂದರು ಸಾಹೇಬರು ಸಣ್ಣ ದನಿಯಲ್ಲಿ. “ಕಾರಂಜಿ ಉದ್ಘಾಟನೆ ಹತ್ತಿರ ಬಂದಿತ್ತು. ಗದ್ದಲ ಬೇಡ ಅಂತ…”

“ಗದ್ದಲ ಬೇಡ ಅಂತ!” ಮಾಜಿಗೆ ಅವರ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಕೆಲಸದಲ್ಲಿದ್ದಾಗ ಮೇಲಿನವರ ಬಾಯಲ್ಲಿ ಇದೇ ಮಾತನ್ನು ಎಷ್ಟು ಸಲ ಕೇಳಿದ್ದಳೋ. ಅವಳು ಉಸಿರೆಳೆದುಕೊಂಡು ತನ್ನನ್ನು ತಾನೇ ತಡೆದಳು. ಕೈಗೆ ಸಿಕ್ಕಿದ್ದು ದೊಡ್ಡದು. ಕೊಲೆಗಾರನ ದನಿಯೇ ಸಿಕ್ಕಿತ್ತು.

“ಅಕ್ಕಾ, ನೀವು ಹೇಳಿ. ಇದು ಅವರ ದನೀನಾ?”

“ದನಿ ಅವರದ್ದರ ಹಾಗೇ ಇದೆ,” ನರ್ಸಮ್ಮ ಹುಬ್ಬು ಗಂಟಿಕ್ಕಿದ್ದರು. “ಮಾತು ಅವರದ್ದಲ್ಲ. ವಿಚಾರಿಸದೆ ಮಾತಾಡಿದ್ರಂತೆ! ಆ ಬಿಡಾರದವರ ಮೊಮ್ಮಕ್ಕಳು ಎಲ್ಲೆಲ್ಲಿದಾರೋ ಅಲ್ಲಿಗೆಲ್ಲ ಬಿಸಿಲಲ್ಲಿ ನಡೆದು ಹೋಗಿ, ಹಣ್ಣು ಹಣ್ಣು ಮುದುಕೀರ ಹತ್ರ ಕೂತು ಕೇಳ್ಕೊಂಡು ಬಂದೋರು ಅವರು. ಎಂಥಾ ಸೊಕ್ಕು ಇದ್ರೆ ಅವರ ಬಾಯಲ್ಲಿ ಈ ಮಾತು ಹಾಕ್ತಾರೆ? ಸತ್ತ ಮೇಲೂ ಬಿಡಲ್ವಾ? ಇನ್ನೊಂದು ಸಲ ಹಾಕಿ.”

ಸಾಹೇಬರು ಇನ್ನೊಂದು ಸಲ ಹಾಕಿದರು.

ಈ ಸಲ ಮಾಜಿಗೆ ಮೊದಲು ಕೇಳಿಸದ್ದೊಂದು ಕೇಳಿಸಿತು. ಕೊನೆಯ ಮಾತು ಮುಗಿದ ಮೇಲೆ, ಸದ್ದು ನಿಲ್ಲುವ ಮೊದಲು, ಒಂದು ಸಣ್ಣ ಉಸಿರು. ಬಾಯಿ ಮುಚ್ಚಿಕೊಂಡು ನಗು ತಡೆದಾಗ ಮೂಗಿನಿಂದ ಬರುತ್ತದಲ್ಲ, ಅಂಥದ್ದು.

ನಗು. ಮೇಷ್ಟ್ರನ್ನು ಕೆರೆಗೆ ನೂಕಿ ಒಂದು ರಾತ್ರಿಯೂ ಕಳೆದಿತ್ತೋ ಇಲ್ಲವೋ, ಅವರ ದನಿ ತೊಟ್ಟುಕೊಂಡು ಯಾರೋ ನಗು ತಡೆದಿದ್ದರು.

ಮಾಜಿಗೆ ಮೈಯೆಲ್ಲ ಉರಿಯಿತು. “ಕೇಳಿಸ್ತಾ ಅಕ್ಕಾ? ಕೊನೇಲಿ?”

ನರ್ಸಮ್ಮನ ಮುಖದಲ್ಲಿ ಇಷ್ಟು ಹೊತ್ತು ಇದ್ದ ಸಿಟ್ಟು ಎಲ್ಲಿ ಹೋಯಿತೋ ಕಾಣದು. ಕೆನ್ನೆ ಜೋತುಬಿದ್ದಿತ್ತು. ಅವರು ಕೈ ಚಾಚಿದರು.

“ಕೊಡಿ ಇಲ್ಲಿ. ಕಿವಿ ಹತ್ರ ಹಿಡ್ಕೊಂಡು ಕೇಳ್ತೀನಿ.”

ಸಾಹೇಬರು ಫೋನು ಕೊಟ್ಟರು. ನರ್ಸಮ್ಮ ಅವರಿಬ್ಬರಿಗೂ ಬೆನ್ನು ಮಾಡಿ, ಗಾಜಿನ ಗೋಡೆಯ ಹತ್ತಿರ ಹೋಗಿ ನಿಂತರು. ಮೇಷ್ಟ್ರ ದನಿ ಮತ್ತೆ ಸಣ್ಣಗೆ ಕೇಳಿಸಿತು. ಮುಗಿಯಿತು. ಅವರು ಫೋನನ್ನು ಕಿವಿಯಿಂದ ಇಳಿಸಿ, ತಲೆ ಬಗ್ಗಿಸಿ ಸ್ವಲ್ಪ ಹೊತ್ತು ನೋಡುತ್ತ ನಿಂತರು. ಅಳುತ್ತಿದ್ದಾರೆ ಎಂದುಕೊಂಡು ಮಾಜಿ ಹತ್ತಿರ ಹೋಗಲಿಲ್ಲ.

ಅವರು ತಿರುಗಿ ಬಂದು ಫೋನನ್ನು ಮೇಜಿನ ಮೇಲಿಟ್ಟರು. ಕಣ್ಣು ಒಣಗಿತ್ತು.

“ನಡೀರಿ, ಇನ್ಸ್‌ಪೆಕ್ಟರಮ್ಮ. ಸಾಕು.”

“ಸಾಕು ಅಂದ್ರೆ?”

“ಅವರು ಕಾಲು ಜಾರಿ ಬಿದ್ರು. ಪೊಲೀಸರು ಹೇಳಿದ್ದೇ ಸರಿ.”

ಮಾಜಿ ಅವರ ಮುಖವನ್ನೇ ದಿಟ್ಟಿಸಿದಳು. ಸಾಹೇಬರು ಫೋನನ್ನು ಕೈಗೆತ್ತಿಕೊಂಡವರು ಬೆರಳಾಡಿಸಿದರು, ಮತ್ತೆ ಆಡಿಸಿದರು.

“ಇಲ್ಲ!” ಅವರು ಕಿರುಚಿದರು. “ಅಳಿಸಿಬಿಟ್ಟಿದಾರೆ! ಮೇಡಂ, ಇವರು ಅದನ್ನ ಅಳಿಸಿಬಿಟ್ಟಿದಾರೆ! ನನ್ನ ಹತ್ರ ಇದ್ದಿದ್ದು ಅದೊಂದೇ ಸಾಕ್ಷಿ. ನಾಳೆ ನನ್ನ ಮೇಲೆ ಬಂದ್ರೆ ನಾನೇನು ತೋರಿಸಲಿ?”

ಮಾಜಿ ಫೋನು ಕಸಿದು ನೋಡಿದಳು. ಮೇಷ್ಟ್ರ ಹೆಸರಿನ ಕೆಳಗೆ ಏನೂ ಇರಲಿಲ್ಲ.

ಒಂದು ಮಾತು ಅಳಿಸಿದ್ದಕ್ಕೆ ಈಗಷ್ಟೇ ಈ ಕೋಣೆಯನ್ನು ತಲೆಕೆಳಗು ಮಾಡಿದ ಹೆಂಗಸು!

“ಅಕ್ಕಾ, ನಿಮಗೆ ಆ ದನಿ ಗೊತ್ತು. ಆ ನಗು ಯಾರದು ಅಂತ ಗೊತ್ತು. ನಿಮ್ಮ ಗಂಡನನ್ನ ಕೊಂದವನು ಅವನು! ಯಾರನ್ನ ಉಳಿಸ್ತಿದೀರಿ ನೀವು?”

ನರ್ಸಮ್ಮ ಬಾಗಿಲವರೆಗೆ ಹೋಗಿದ್ದರು. ಹಿಡಿಕೆಯ ಮೇಲೆ ಕೈಯಿಟ್ಟು, ಹಿಂದೆ ನೋಡದೆ ಹೇಳಿದರು:

“ನನಗೆ ಅಂತ ಉಳಿದಿರೋದೇ ಅವನೊಬ್ಬ.”